ಅಮೆರಿಕದ ಗಟ್ಟಿಮೇಳ

ಮೈಕಿಲ್ಲದೆ ನಡೆದ ಕಾರ್ಯಕ್ರಮವನ್ನು ನಾನು ಕಾರ್ಯಕ್ರಮವೆಂದೇ ಒಪ್ಪುವವನಲ್ಲ. ರಾಯದುರ್ಗದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವುದರಿಂದ ಹಿಡಿದು ಎಲೆಕ್ಷನ್ ಭಾಷಣದವರೆಗೆ ಎಲ್ಲವೂ ನನ್ನ ಮೈಕಿನಲ್ಲೇ ಆಗಿವೆ. 'ಓಬಯ್ಯ ಸೌಂಡ್ಸ್' ಎಂದರೆ ಗುಮ್ಮಘಟ್ಟದವರೆಗೆ ಕೇಳುತ್ತದೆ, ಹೆಸರೂ ಕೇಳುತ್ತದೆ, ಸೌಂಡೂ ಕೇಳುತ್ತದೆ. ಅಂಥ ನನ್ನನ್ನು ಕರೆದು ಗಾರ್ಮೆಂಟ್ಸ್ ಸಂಘದವರು, "ಓಬಯ್ಯ, ಈ ಸಲ ನಿನ್ನ ಮೈಕು ಬ್ಯಾಡಪ, ಅಮೆರಿಕದವ್ರು ಹಂಗ ಬಾರಿಸ್ತಾರಂತ" ಎಂದಾಗಲೇ ಇದು ಹಳ್ಳ ಹಿಡಿಯುವ ಕಾರ್ಯಕ್ರಮವೆಂದು ನನಗೆ ಅನ್ನಿಸಿತ್ತು. ಆದರೂ ಮಂಟಪಕ್ಕೆ ಹೋದೆ. ಕರೆಂಟ್ ಬೋರ್ಡಿನ ಪಕ್ಕ ನನ್ನ ಮಾಮೂಲಿ ಜಾಗದಲ್ಲೇ ಮುಖ ಗಂಟು ಹಾಕಿಕೊಂಡು ನಿಂತೆ. ಆದ್ದರಿಂದ ಅಂದು ನಡೆದದ್ದನ್ನು ಪೂರ್ತಿ ಕಂಡವನು ನಾನೊಬ್ಬನೇ.

ಅಮೆರಿಕದವರು ನಮ್ಮೂರಿಗೆ ಬಂದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವನು ರೈಲು ಬಿಡುತ್ತಿದ್ದಾನೆ ಅಂದುಕೊಳ್ಳುತ್ತೀರಿ. ಅವರದು ಐವತ್ತು ಜನರ ವಾದ್ಯವೃಂದ. ಅಮೆರಿಕದ ಶಾಸ್ತ್ರೀಯ ಸಂಗೀತವನ್ನು ಊರೂರಿಗೆ ಕೇಳಿಸುತ್ತ ಹಂಪಿಯ ಕಡೆ ಹೊರಟಿದ್ದರು. ಬಳ್ಳಾರಿಗೆ ಬಂದು ನೋಡಿದರೆ ವಾದ್ಯಗಳೆಲ್ಲ ಇವೆ, ಕೋಟುಗಳ ಪೆಟ್ಟಿಗೆ ಮಾತ್ರ ಬೇರೆ ಲಾರಿ ಹತ್ತಿ ಚೆನ್ನೈಗೆ ಹೋಗಿದೆ. ನಮ್ಮ ಐನೋರು ವಿಭೂತಿಯಿಲ್ಲದೆ ಮಂತ್ರ ಹೇಳುವುದಿಲ್ಲವಲ್ಲ, ಹಾಗೆ ಇವರು ಕರಿ ಕೋಟಿಲ್ಲದೆ ಪಿಟೀಲು ಮುಟ್ಟುವುದಿಲ್ಲವಂತೆ. ಎರಡು ದಿನದಲ್ಲಿ ಐವತ್ತು ಕೋಟು ಯಾರು ಹೊಲಿದುಕೊಡುತ್ತಾರೆ ಎಂದು ಕೇಳಿದಾಗ ಯಾರೋ ಪುಣ್ಯಾತ್ಮರು ರಾಯದುರ್ಗದ ಹೆಸರು ಹೇಳಿದರು.

ನಮ್ಮೂರಿನವರು ಯಾವ ಆರ್ಡರನ್ನೂ ಇಲ್ಲ ಅನ್ನುವವರಲ್ಲ. ಆದರೆ ಹೊಲಿಯಲು ಬರುವುದು ಜೀನ್ಸ್ ಮಾತ್ರ. ಹಾಗಾಗಿ ಐವತ್ತು ಕೋಟುಗಳೂ ಕರಿ ಜೀನ್ಸ್ ಬಟ್ಟೆಯಲ್ಲಿ, ಜೇಬಿನ ಮೂಲೆಗೆ ತಾಮ್ರದ ರಿವಿಟ್ ಹೊಡೆಸಿಕೊಂಡು ತಯಾರಾದವು. ಕಟಿಂಗ್ ಮಾಡಿದವನು ತಿಪ್ಪೇಶ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೆಲ್ಪರ್ ಆಗಿ ಸೇರಿ ಕಟಿಂಗ್ ಮಾಸ್ತರನಾಗಿ, ಇಲ್ಲಿ ಯೂನಿಟ್‌ಗಳು ಹೆಚ್ಚಾದ ಮೇಲೆ ಊರಿಗೆ ವಾಪಸ್ ಬಂದ ಹುಡುಗ. ಗುಂಡಿ, ದಾರ, ಜಿಪ್ ಕೊಟ್ಟವನು ನನ್ನ ಅಂಗಡಿಯ ಎದುರಿನ ಸಣ್ಣಬಸಪ್ಪ.

"ಮಾವ, ಕೋಟಿಗೆ ಜಿಪ್ ಇರಂಗಿಲ್ಲ, ಗುಂಡಿ ಸಾಕು" ಎಂದು ತಿಪ್ಪೇಶ ಹೇಳಿದ.

"ಅಮೆರಿಕದಾಗ ಇರ್ತೈತಿ. ನಿನಗೇನು ಗೊತ್ತು?" ಎಂದು ಸಣ್ಣಬಸಪ್ಪ ಐವತ್ತು ಜಿಪ್ ಎಣಿಸಿ ಕೊಟ್ಟ. ಹಂಪಿಯಲ್ಲಿ ಅಮೆರಿಕದವರು ಜಿಪ್ಪಿನ ಕೋಟು ಹಾಕಿಕೊಂಡು ನುಡಿಸಿದರು. ಅದೆಷ್ಟು ಇಷ್ಟವಾಯಿತೋ, ವಾಪಸ್ ಹೋಗುವ ದಾರಿಯಲ್ಲಿ ರಾಯದುರ್ಗಕ್ಕೆ ಒಂದು ಪುಕ್ಕಟೆ ಕಛೇರಿ ಕೊಡುತ್ತೇವೆಂದು ಹೇಳಿ ಕಳಿಸಿದರು.

ಇನ್ನು ಸಣ್ಣಬಸಪ್ಪನ ಸಂಗೀತಜ್ಞಾನದ ವಿಷಯ. ಈ ಮನುಷ್ಯ ಒಮ್ಮೆ ಜಿಪ್ ತರಲು ಬೊಂಬಾಯಿಗೆ ಹೋಗಿದ್ದಾಗ ಮಳೆ ಬಂತು. ಒಂದು ದೊಡ್ಡ ಕಟ್ಟಡದ ಪಡಸಾಲೆಯಲ್ಲಿ ನಿಂತ. ಒಳಗೆ ಇಂಥದೇ ಏನೋ ಬಾರಿಸುತ್ತಿದ್ದರಂತೆ. ಬಾಗಿಲು ಕಾಯುವವನು ಓಡಿಸುವವರೆಗೆ ಕೇಳಿದ. ಇಷ್ಟೇ ಬಂಡವಾಳ. ಅಂದಿನಿಂದ ಊರಿನಲ್ಲಿ ಯಾರು ಏನು ಹಾಡಿದರೂ ಇವನು ತಲೆ ಅಲ್ಲಾಡಿಸಿ, "ಬೊಂಬಾಯ್ಯಾಗ ಕೇಳಿದ್ದ ಬ್ಯಾರೆ" ಅನ್ನುತ್ತಿದ್ದ. ಭಜನೆಯವರಿಗೆ ಶ್ರುತಿ ಇಲ್ಲವೆಂದ. ನನ್ನ ಮೈಕಿಗೆ ಗಂಟಲು ಕಟ್ಟಿದೆಯೆಂದ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಅಮೆರಿಕದವರ ಜೊತೆಗೆ ಬೆಂಗಳೂರಿನಿಂದ ಬಂದಿದ್ದ ದುಭಾಷಿ ಹುಡುಗಿ ಮಮತಾ ಸಂಘದ ಮೀಟಿಂಗಿನಲ್ಲಿ, "ದಯವಿಟ್ಟು ಮಧ್ಯೆ ಮಧ್ಯೆ ಚಪ್ಪಾಳೆ ಹೊಡೀಬೇಡಿ, ಅದರಲ್ಲಿ ನಾಲ್ಕು ಭಾಗ ಇರುತ್ತೆ, ಪೂರ್ತಿ ಮುಗಿದ ಮೇಲೆ ಹೊಡೀಬೇಕು" ಎಂದಾಗ, ಮುಗಿದದ್ದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಬಂತು. ಎಲ್ಲರೂ ಸಣ್ಣಬಸಪ್ಪನ ಮುಖ ನೋಡಿದರು.

"ನಾ ಅದೀನಲ್ಲ" ಅಂದ ಅವನು. "ಮುಂದ ಕುಂತಿರ್ತೀನಿ. ನನ್ನ ಟವಲ್ಲಿನ ಮ್ಯಾಲೆ ಒಂದು ಕಣ್ಣಿಟ್ಟಿರ್ರಿ. ಟವಲ್ಲು ಮ್ಯಾಲೆತ್ತಿದ್ನೆಂದ್ರ ಮಾಡಾದು ಮಾಡ್ರಿ. ಅಲ್ಲಿ ತನಕ ಯಾರೂ ಅಲ್ಲಾಡಬ್ಯಾಡ್ರಿ."

ಊರೆಲ್ಲ ಒಪ್ಪಿತು. ಆದರೆ ಸಣ್ಣಬಸಪ್ಪನ ತಲೆಯಲ್ಲಿ ಇನ್ನೂ ದೊಡ್ಡ ಲೆಕ್ಕ ಓಡುತ್ತಿತ್ತು. ಅವನ ಒಬ್ಬಳೇ ಮಗಳು ಸುಮಾ. ಡಿಗ್ರಿ ಮುಗಿಸಿ ಅಂಗಡಿಯಲ್ಲಿ ಜಿಪ್ಪಿನ ಕೌಂಟರ್ ನೋಡಿಕೊಳ್ಳುತ್ತಿದ್ದಳು. ತಿಪ್ಪೇಶ ಅವಳ ಸೋದರಮಾವನ ಮಗ. ಡಬ್ಬಿಗಟ್ಟಲೆ ಒಯ್ಯಬೇಕಾದ ಜಿಪ್ಪನ್ನು ಅವನು ಒಂದೊಂದಾಗಿ ಒಯ್ಯುತ್ತಿದ್ದ. ಒಂದು ಒಯ್ದವನು ಬಣ್ಣ ಕೂಡಲಿಲ್ಲವೆಂದು ತಂದು ಕೊಟ್ಟು ಇನ್ನೊಂದು ಒಯ್ಯುತ್ತಿದ್ದ. ಇದರ ಅರ್ಥ ಎದುರಿನ ಅಂಗಡಿಯಲ್ಲಿ ಕೂತ ನನಗೂ ಗೊತ್ತಿತ್ತು, ಪಕ್ಕದಲ್ಲಿ ಬಜ್ಜಿ ಕರಿಯುವ ತಿಪ್ಪಮ್ಮನಿಗೂ ಗೊತ್ತಿತ್ತು. ಗೊತ್ತುಮಾಡಿಕೊಳ್ಳದವನು ಸಣ್ಣಬಸಪ್ಪನೊಬ್ಬನೇ.

"ನಮ್ಮಣ್ಣನ ಮಗ ಕಣ್ಣ ಮುಂದ ಅದಾನ, ಕೆಲಸದಾಗ ಜೋರು, ಹುಡುಗಿಗೂ ಮನಸೈತಿ" ಎಂದು ಅವನ ಹೆಂಡತಿ ದ್ರಾಕ್ಷಾಯಣಮ್ಮ ಒಲೆಯ ಮುಂದೆ ಕೂತು ದಿನಾ ಹೇಳುತ್ತಿದ್ದಳು.

"ಕತ್ತರಿ ಹಿಡಿಯವ್ನಿಗೆ ಸಂಗೀತದ ಗಂಧ ಐತೇನು?" ಎಂದು ಇವನು ದಿನಾ ಕೇಳುತ್ತಿದ್ದ. "ಬಳ್ಳಾರಿಯವ್ರ ಮನಿಗೆ ಹೋಗಿದ್ದೆ. ಬಾಗಲಾ ತೆಗದ ಕೂಡ್ಲೆ ವೀಣಿ ಕಾಣಸ್ತೈತಿ."

ಬಳ್ಳಾರಿಯವರೆಂದರೆ ಎರಡು ಮಹಡಿಯ ಸೀರೆ ಅಂಗಡಿಯ ಯಜಮಾನರು. ಅವರ ಮಗನಿಗೆ ಸುಮಾಳನ್ನು ಕೇಳಿದ್ದರು. ಆ ಮನೆಯ ವೀಣೆಯನ್ನು ಯಾರೂ ನುಡಿಸುವುದಿಲ್ಲ, ಅದು ಶೋಕೇಸಿನದು ಎಂದು ನನಗೆ ಆಮೇಲೆ ತಿಳಿಯಿತು. ಸಣ್ಣಬಸಪ್ಪ ಏನು ಮಾಡಿದ ಗೊತ್ತೆ? ಹೆಣ್ಣು ನೋಡಲು ಮನೆಗೆ ಬರಬೇಡಿ, ಕಛೇರಿಗೇ ಬನ್ನಿ ಎಂದು ಅವರಿಗೆ ಹೇಳಿಕಳಿಸಿದ. ಇಡೀ ಊರು ತನ್ನ ಟವಲ್ಲಿನ ಸನ್ನೆಗೆ ಚಪ್ಪಾಳೆ ಹೊಡೆಯುವುದನ್ನು ಬೀಗರು ಕಣ್ಣಾರೆ ಕಾಣಬೇಕು. ಟವಲ್ಲು ಏರಿದ ಕೂಡಲೇ ಸುಮಾ ಹಾರ ಹಿಡಿದು ಸ್ಟೇಜಿಗೆ ಹೋಗಿ ವಾದ್ಯವೃಂದ ನಡೆಸುವ ಅಮೆರಿಕದ ದೊರೆಗೆ ಹಾಕಬೇಕು. ಬೀಗರು ಹುಡುಗಿಯನ್ನು ಅಲ್ಲೇ, ದೀಪದ ಬೆಳಕಿನಲ್ಲಿ ನೋಡಿ ಒಪ್ಪಬೇಕು. ಸಂಜೆಗೆ ಮಾತು ಮುಗಿಯಬೇಕು.

ಕಛೇರಿಗೆ ಊರಿನಲ್ಲಿ ಇದ್ದ ಜಾಗ ಕಲ್ಯಾಣ ಮಂಟಪವೊಂದೇ. ಹಿಂದಿನ ದಿನ ಅಲ್ಲಿ ಮದುವೆಯಾಗಿತ್ತು. ಬಾಗಿಲಿನ ಬಾಳೆಕಂಬ ಇನ್ನೂ ಬಾಡಿರಲಿಲ್ಲ. ಮಂಟಪ ನೋಡಿಕೊಳ್ಳುವ ಸಣ್ಣತಿಮ್ಮಪ್ಪ ಬಹಳ ಕಟ್ಟುನಿಟ್ಟಿನ ಆಸಾಮಿ. ಬಾಗಿಲು ತೆಗೆದನೆಂದರೆ ಮೇಜು ಹಾಕುತ್ತಾನೆ, ಮೇಜಿನ ಮೇಲೆ ಪನ್ನೀರು, ಗಂಧ, ಕಲ್ಲುಸಕ್ಕರೆ, ತಟ್ಟೆಯ ತುಂಬ ಅರಿಶಿನದ ಅಕ್ಷತೆ ಇಡುತ್ತಾನೆ. ಅಂದೂ ಇಟ್ಟ.

"ಇದು ಸಂಗೀತ ಕಣೋ ಮಾರಾಯ, ಅಕ್ಷತೆ ಯಾಕ?" ಎಂದು ನಾನು ಕೇಳಿದೆ.

"ಮಂಟಪ ಅಂದಮ್ಯಾಗ ಅಕ್ಕಿಕಾಳು ಇರಬೇಕ್ರಿ ಓಬಯ್ಯ. ನಾ ಬಂದಾಗಿನಿಂದ ಇಡದ ದಿನಾನ ಇಲ್ಲ" ಎಂದ ಸಣ್ಣತಿಮ್ಮಪ್ಪ.

ಜನ ಬಂದರು. ಮಂಟಪದ ಕಾರ್ಯಕ್ರಮವಲ್ಲವೇ, ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದರು. ಪನ್ನೀರು ಚಿಮುಕಿಸಿಕೊಂಡರು, ಸಕ್ಕರೆ ಬಾಯಿಗೆ ಹಾಕಿಕೊಂಡರು, ಒಂದು ಹಿಡಿ ಅಕ್ಷತೆ ತೆಗೆದುಕೊಂಡು ಮುಷ್ಟಿ ಮುಚ್ಚಿ ಕೂತರು. ಯಾಕೆಂದು ಒಬ್ಬರೂ ಕೇಳಲಿಲ್ಲ. ಮುಖ್ಯ ಅತಿಥಿ ಎಂ.ಆರ್.ಒ. ಸಾಹೇಬರು, ಅಂದರೆ ನಮ್ಮ ಆಂಧ್ರದ ತಹಶೀಲ್ದಾರರು ಕೂಡ ಹಿಡಿ ತುಂಬಿಸಿಕೊಂಡೇ ಮುಂದಿನ ಸೋಫಾದಲ್ಲಿ ಕೂತರು. ಅವರ ಪಕ್ಕ ಬಳ್ಳಾರಿಯ ಯಜಮಾನರು, ಅವರ ಹೆಂಡತಿ ಮೈಲಾರಮ್ಮ. ಇನ್ನೊಂದು ಪಕ್ಕ ಸಣ್ಣಬಸಪ್ಪ, ಇಸ್ತ್ರಿ ಮಾಡಿದ ಬಿಳಿ ಟವಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಮೆರಿಕದವರು ಜೀನ್ಸ್ ಕೋಟು ಹಾಕಿಕೊಂಡು, ಜಿಪ್ಪನ್ನು ಗಂಟಲವರೆಗೆ ಏರಿಸಿ ಸ್ಟೇಜಿನ ಮೇಲೆ ಕೂತರು. ಕೊನೆಗೆ ಅವರ ದೊರೆ ಬಂದ. ಆತನ ಕೈಯಲ್ಲಿ ವಾದ್ಯ ಇಲ್ಲ, ಒಂದು ಸಣ್ಣ ಕೋಲು ಮಾತ್ರ. ಆತ ಎರಡೂ ಕೈ ಮೇಲೆತ್ತಿದಾಗ ಪಕ್ಕದ ಪರದೆಯ ಹಿಂದೆ ನಿಂತಿದ್ದ ತಿಪ್ಪೇಶನ ಮುಖ ಸುಣ್ಣದಂತಾದದ್ದು ನನಗೆ ಕಂಡಿತು. ಅಳತೆ ಕೊಡುವಾಗ ಆ ದೊರೆ ಕೈ ಇಳಿಬಿಟ್ಟು ನಿಂತಿದ್ದನಂತೆ. ಇವನು ಹಾಗೆಯೇ ಬಿಗಿಯಾಗಿ ಕತ್ತರಿಸಿದ್ದ. ಹಂಪಿಯಲ್ಲಿ ಹೊಲಿಗೆ ಹೇಗೋ ತಡೆದುಕೊಂಡಿತ್ತು. ಈತನ ಕಸುಬೇ ಕೈ ಎತ್ತುವುದೆಂದು ಯಾರಿಗೆ ಗೊತ್ತಿತ್ತು?

ಮೊದಲನೆಯ ಭಾಗ ಅಮೆರಿಕದ ಬಯಲುಸೀಮೆಯ ಮುಂಜಾವಂತೆ. ಪಿಟೀಲಿನವರೆಲ್ಲ ಒಟ್ಟಿಗೆ ಎಳೆದರು. ಪರವಾಗಿಲ್ಲ, ಹಿಂದಿನ ಸಾಲಿಗೂ ಕೇಳಿಸಿತು. ಮೈಕಿದ್ದಿದ್ದರೆ ಭೈರವಾನಿತಿಪ್ಪದ ಡ್ಯಾಮಿಗೂ ಕೇಳಿಸುತ್ತಿತ್ತು, ಆ ಮಾತು ಬಿಡಿ. ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರ ಕಣ್ಣೂ ಟವಲ್ಲಿನ ಮೇಲೆ. ಸಣ್ಣಬಸಪ್ಪ ಕಣ್ಣು ಅರ್ಧ ಮುಚ್ಚಿ, ಈಗ ಬೇಡ ಎಂಬಂತೆ ತಲೆ ಆಡಿಸಿದ. ಬಳ್ಳಾರಿಯ ಯಜಮಾನರು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಇಲ್ಲಿಯವರೆಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು.

ಎರಡನೆಯ ಭಾಗ ಬಹಳ ಮೆಲ್ಲಗಿನದು. ಆಳೆತ್ತರದ ಪಿಟೀಲುಗಳು ಜೋಗುಳದ ಹಾಗೆ ಗುಂಯ್ ಅನ್ನತೊಡಗಿದವು. ಸಣ್ಣಬಸಪ್ಪನ ಅರ್ಧ ಮುಚ್ಚಿದ ಕಣ್ಣು ಪೂರ್ತಿ ಮುಚ್ಚಿತು. ಜನ ಅವನ ತನ್ಮಯತೆಯನ್ನು ಮೆಚ್ಚಿಕೊಂಡರು. ನಿದ್ದೆಯೆಂದು ಗುರುತಿಸಿದವಳು ದ್ರಾಕ್ಷಾಯಣಮ್ಮ ಒಬ್ಬಳೇ. ಅವಳು ಹಿಂದಿನ ಸಾಲಿನಲ್ಲಿದ್ದಳು, ತಿವಿಯಲು ಕೈ ಎಟುಕಲಿಲ್ಲ.

ಮೂರನೆಯ ಭಾಗ ಶುರುವಾಯಿತು. ಮೆಲ್ಲಗೆ ಹೊರಟದ್ದು ಏರುತ್ತ ಏರುತ್ತ ಹೋಯಿತು. ತುತ್ತೂರಿಗಳು ಸೇರಿದವು. ಹಂಡೆಯಂಥ ನಗಾರಿಗಳು ಸೇರಿದವು. ಅಷ್ಟು ಹೊತ್ತಿನಿಂದ ಸುಮ್ಮನೆ ಕೂತಿದ್ದ ಒಬ್ಬ ದಾಂಡಿಗ ಎದ್ದು, ಪರಾತದಷ್ಟು ಅಗಲದ ಎರಡು ತಾಳಗಳನ್ನು ಎತ್ತಿ ಹಿಡಿದ. ದೊರೆ ಎರಡೂ ಕೈ ಮೇಲೆತ್ತಿ ಕೋಲನ್ನು ಗಡಗಡ ಅಲ್ಲಾಡಿಸಿದ. ನಮ್ಮ ಐನೋರು ತಾಳಿ ಕಟ್ಟುವ ಹೊತ್ತಿಗೆ ವಾಲಗದವರ ಕಡೆ ಕೈ ಎತ್ತಿ ಅಲ್ಲಾಡಿಸುವುದು ಥೇಟ್ ಹಾಗೆಯೇ. ತಾಳ ಢಣ್ ಎಂದಿತು. ನಗಾರಿಯವನು ಎಲ್ಲ ಹಂಡೆಗಳ ಮೇಲೂ ಒಟ್ಟಿಗೆ ಬಿದ್ದ.

ಸಣ್ಣಬಸಪ್ಪ ಬೆಚ್ಚಿಬಿದ್ದು ಎದ್ದು ನಿಂತ. ಟವಲ್ಲು ಕೈಗೆ ಬಂದು ಮೇಲಕ್ಕೆ ಹಾರಿತು.

ಅದೇ ಗಳಿಗೆಯಲ್ಲಿ ದೊರೆಯ ಕೋಟಿನ ಕಂಕುಳು ಪರ್ರೆಂದು ಹರಿದದ್ದನ್ನು ನಾನು ಕೇಳಿದೆ. ತನ್ನ ಕಟಿಂಗ್ ಊರ ಮುಂದೆ ಹರಿಯುವುದನ್ನು ತಡೆಯಲಾರದೆ ತಿಪ್ಪೇಶ ಸೂಜಿದಾರ ಹಿಡಿದು ಸ್ಟೇಜಿಗೆ ನುಗ್ಗಿದ. ಟವಲ್ಲು ಕಂಡ ಸುಮಾ ಹಾರ ಹಿಡಿದು ಇನ್ನೊಂದು ಕಡೆಯಿಂದ ಬಂದಳು. ಅವಳು ಹಾರ ಎತ್ತುವುದಕ್ಕೂ ದೊರೆ ನಗಾರಿಯವರ ಕಡೆಗೆ ಬಗ್ಗುವುದಕ್ಕೂ ಸರಿಹೋಯಿತು. ಹಾರ ಅವನ ಹಿಂದೆ ನಿಂತಿದ್ದ ತಿಪ್ಪೇಶನ ಕೊರಳಿಗೆ ಬಿತ್ತು. ದೊರೆ ಬಗ್ಗಿದ್ದು ನಿಜ. ಆದರೆ ಸುಮಾ ಒಂದು ಹೆಜ್ಜೆ ಎಡಕ್ಕೆ ಇಟ್ಟದ್ದೂ ನಿಜ. ನಾನು ಕರೆಂಟ್ ಬೋರ್ಡಿನ ಪಕ್ಕ ನಿಂತವನು, ನನಗೆ ಸುಳ್ಳು ಹೇಳಿ ಏನಾಗಬೇಕಿದೆ?

ಈಗ ನೀವೇ ಯೋಚನೆ ಮಾಡಿ. ಮಂಟಪದಲ್ಲಿ ಕೂತಿದ್ದೀರಿ. ರೇಷ್ಮೆ ಉಟ್ಟಿದ್ದೀರಿ. ಮುಷ್ಟಿಯಲ್ಲಿ ಅಕ್ಷತೆ ಇದೆ. ಮೇಳ ಗಟ್ಟಿಯಾಗಿದೆ. ಹೆಣ್ಣಿನ ಅಪ್ಪನೇ ಎದ್ದು ಸನ್ನೆ ಮಾಡಿದ್ದಾನೆ. ಎದುರಿಗೆ ಹುಡುಗಿ ಹುಡುಗನಿಗೆ ಹಾರ ಹಾಕಿದ್ದಾಳೆ. ಇಡೀ ಸಭೆ ಒಬ್ಬನೇ ಮನುಷ್ಯನ ಹಾಗೆ ಎದ್ದು ಅಕ್ಷತೆ ತೂರಿತು. ಎಂ.ಆರ್.ಒ. ಸಾಹೇಬರು ತೂರಿದರು. ಬಳ್ಳಾರಿಯ ಯಜಮಾನರು ತೂರಿದರು. ಮೈಲಾರಮ್ಮನಂತೂ ಮುಂದೆ ಹೋಗಿ, ಎರಡು ಸಲವಾಗಿ, ಇಬ್ಬರ ತಲೆಯ ಮೇಲೂ ಬೀಳುವ ಹಾಗೆ ಹಾಕಿ ಬಂದಳು. ಅಕ್ಕಿ ನಗಾರಿಯ ಮೇಲೆ ಪಟಪಟ ಅಂದಿತು, ತುತ್ತೂರಿಯ ಬಾಯಿಗೆ ಹೋಯಿತು. ಹಾಕದೆ ನಿಂತವನು ನಾನೊಬ್ಬನೇ. ಮೈಕಿಲ್ಲದ ಗಟ್ಟಿಮೇಳಕ್ಕೆ ನನ್ನ ಕೈ ಏಳಲಿಲ್ಲ.

ಅಮೆರಿಕದವರು ಮಾತ್ರ ನಿಲ್ಲಿಸಲಿಲ್ಲ. ನಾಲ್ಕನೆಯ ಭಾಗ ಬಾಕಿ ಇತ್ತು, ನುಡಿಸುತ್ತ ಹೋದರು. ಕೇಳುವವರೆಲ್ಲಿ? ಗಟ್ಟಿಮೇಳ ಆದಮೇಲೆ ಮಂಟಪದಲ್ಲಿ ಯಾರು ಕೂರುತ್ತಾರೆ? ಮೊದಲ ಪಂಕ್ತಿ ಹಿಡಿಯಲು ಜನ ದಬದಬ ಎದ್ದು ಊಟದ ಹಾಲಿಗೆ ಹೋದರು. ದೊರೆ ಕೊನೆಯ ಸಲ ಕೋಲು ಇಳಿಸಿ, ಬೆವರು ಒರೆಸಿಕೊಂಡು ಹಿಂದೆ ತಿರುಗಿದಾಗ ಖಾಲಿ ಕುರ್ಚಿಗಳಿದ್ದವು. ಕೊರಳಲ್ಲಿ ಹಾರವಿದ್ದ ತಿಪ್ಪೇಶನೊಬ್ಬ ಚಪ್ಪಾಳೆ ಹೊಡೆದ.

ಊಟದ ಹಾಲಿನಲ್ಲಿ ಎಲೆ ಇಲ್ಲ, ನೀರಿಲ್ಲ, ಒಲೆ ಹೊತ್ತಿಲ್ಲ. ಸಾಲಾಗಿ ಕೂತಿದ್ದ ಜನರ ನಡುವೆ ಮಮತಾ ಫೋನು ಹಿಡಿದು ಬಂದಳು. ಪ್ರೇಕ್ಷಕರ ಅಭಿಪ್ರಾಯವನ್ನು ರೆಕಾರ್ಡ್ ಮಾಡಿ ಅಮೆರಿಕಕ್ಕೆ ಕಳಿಸಬೇಕಂತೆ.

"ಕಛೇರಿ ಹೇಗಿತ್ತು ಅಮ್ಮ?" ಎಂದು ಅವಳು ಬಜ್ಜಿಯ ತಿಪ್ಪಮ್ಮನನ್ನು ಕೇಳಿದಳು.

"ಎಲ್ಲಾ ಚಲೋ ಆತವ್ವ, ಊಟದ್ದೊಂದ ಕೊರತಿ" ಅಂದಳು ತಿಪ್ಪಮ್ಮ. "ಆ ಕೋಲು ಹಿಡಿದಾತ ಯಾಕ ಬೇಕಿತ್ತು? ಎಲ್ರೂ ಮೈಮುರದು ಮಾಡಾಕತ್ತಿದ್ರ ಆಯಪ್ಪ ಬರೇ ಕೈ ಬೀಸ್ತಾನ."

"ಆತ ಸೂಪರ್‌ವೈಸರ್ ಇದ್ದಂಗ ಬಿಡಬೇ" ಎಂದಳು ಯೂನಿಟ್ಟಿನಲ್ಲಿ ಹೊಲಿಯುವ ಮೂಕಮ್ಮ. ಹೆಸರಿಗೆ ಮೂಕಮ್ಮ, ಮಾತು ನಿಲ್ಲಿಸುವವಳಲ್ಲ. "ಪಿಟೀಲಿನ ಲೈನ್ ಭಾಳ ಚಲೋ ಐತಿ. ಒಬ್ರೂ ಹಿಂದ ಬೀಳಲಿಲ್ಲ, ದಾರ ಕಡೀಲಿಲ್ಲ. ಆದ್ರ ಹಿಂದ ಒಬ್ಬಾತ ಮೂರು ಮೂಲಿ ಕಬ್ಬಿಣದ ಸಳಿ ಹಿಡಕಂಡು ಕುಂತಿದ್ದ ನೋಡು, ಎಲ್ಲಾ ಮುಗಿಯಾತನಕ ಒಂದ ಸಲ ಕಿಣ್ ಅನಿಸಿದ. ಅದು ಗೌರ್ಮೆಂಟ್ ನೌಕರಿನೇ ಇರಬೇಕು."

ಎಂ.ಆರ್.ಒ. ಸಾಹೇಬರು ಕೆಮ್ಮಿದರು. ಅವರ ಅಭಿಪ್ರಾಯ ಕೇಳಿದಾಗ, "ಚಾಲಾ ಬಾಗುಂದಿ. ವಧೂವರುಲಕು ನಾ ಆಶೀಸ್ಸುಲು" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡು, ವಧೂವರರಿಗೆ ಆಶೀರ್ವಾದವನ್ನೂ ರೆಕಾರ್ಡ್ ಮಾಡಿಸಿಬಿಟ್ಟರು.

ನನ್ನನ್ನೂ ಕೇಳಿದಳು. "ಸೌಂಡ್ ಸಾಲದು" ಎಂದು ಖಂಡಿತವಾಗಿ ಹೇಳಿದೆ.

ಇಷ್ಟರಲ್ಲಿ ಸಣ್ಣಬಸಪ್ಪ ಓಡಿ ಬಂದ. ಅವನ ತಲೆಯ ಮೇಲೂ ಅಕ್ಕಿ ಇತ್ತು. ನೇರವಾಗಿ ಬಳ್ಳಾರಿಯ ಯಜಮಾನರ ಮುಂದೆ ಹೋಗಿ ಕೈ ಮುಗಿದ.

"ತಪ್ಪು ತಿಳಕಾಬ್ಯಾಡ್ರಿ. ಜನಕ್ಕ ಗೊತ್ತಾಗಲಿಲ್ಲ. ನಡೀರಿ ಮನಿಗೆ ಹೋಗಿ ಮಾತಾಡೋಣು."

"ಏನು ಮಾತಾಡ್ತೀರ್ರಿ?" ಎಂದಳು ಮೈಲಾರಮ್ಮ. "ಹುಡುಗಿ ನೋಡಾಕ ಅಂತ ಕರಿಸಿದ್ರಿ, ಮದುವಿ ಮಾಡಿ ತೋರಿಸಿದ್ರಿ. ನಾನ ಈ ಕೈಲೆ ಅಕ್ಕಿಕಾಳು ಹಾಕಿ ಬಂದೀನಿ. ನಾವ ಅಕ್ಕಿಕಾಳು ಹಾಕಿದ ಹುಡುಗಿನ್ನ ನಾವ ಸೊಸಿ ಮಾಡ್ಕಂಡ್ರ ಬಳ್ಳಾರ್ಯಾಗ ಏನಂತಾರ?"

"ನೀವ್ಯಾಕ ಹಾಕಿದ್ರಿ ತಾಯಿ?" ಎಂದು ಸಣ್ಣಬಸಪ್ಪ ಅಳುವ ದನಿಯಲ್ಲಿ ಕೇಳಿದ.

"ಕೈಯಾಗ ಇತ್ತು, ಮ್ಯಾಳ ಜೋರಾತು, ಹಾಕಿದೆ. ಯಾರ ಮದುವಿ ಅಂತ ಕೇಳಿ ಹಾಕ್ತಾರೇನು?"

"ಹಾಕಿದ್ದು ಹಾಕಿದ್ದ. ಬಿದ್ದ ಅಕ್ಕಿಕಾಳು ವಾಪಸ್ ಬರಂಗಿಲ್ಲ" ಎಂದು ದ್ರಾಕ್ಷಾಯಣಮ್ಮ ಗೋಡೆಯನ್ನು ನೋಡುತ್ತ ಹೇಳಿದಳು. ಅವಳ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಎಂದೂ ಕಂಡಿರಲಿಲ್ಲ.

ಬಳ್ಳಾರಿಯ ಯಜಮಾನರು ವ್ಯಾಪಾರಸ್ಥರು, ಒಂದು ದಾರಿ ಹುಡುಕಿದರು. "ತಡೀರಿ. ಅದು ಗಟ್ಟಿಮೇಳ ಆಗಿದ್ರ ಮಾತು ಬ್ಯಾರೆ. ಅಲ್ಲ, ಅದು ನಡುಮಧ್ಯದ ಬರೇ ಒಂದು ಗದ್ದಲ ಅಂದ್ರ, ಜನ ತಪ್ಪಿ ಹಾಕ್ಯಾರ ಅಂತ ಆಗ್ತದ. ಆವಾಗ ನಮ್ದೇನೂ ತಕರಾರಿಲ್ಲ, ಇವತ್ತ ವೀಳ್ಯ ತಗೊಂತೀವಿ. ಈ ಸಂಗೀತ ತಿಳಿದವ್ರು ನೀವು ಸಣ್ಣಬಸಪ್ಪನವರ. ನೀವ ಹೇಳ್ರಿ, ಅದು ಗಟ್ಟಿಮೇಳ ಹೌದೋ ಅಲ್ಲೋ?"

ಹಸಿದ ಜನ ಕೂಡ ಕಿವಿ ನಿಮಿರಿಸಿದರು. ಬಾಗಿಲಲ್ಲಿ ಸುಮಾ ಬಂದು ನಿಂತಿದ್ದಳು, ಅವಳ ಹಿಂದೆ ಹಾರ ತೆಗೆಯಬೇಕೋ ಬಿಡಬೇಕೋ ತಿಳಿಯದೆ ತಿಪ್ಪೇಶ. ಸುಮಾಳ ಕಣ್ಣಲ್ಲಿ ನೀರು ನಿಂತಿತ್ತು. ಅಪ್ಪನ ಬಾಯಿಂದ ಬರುವ ಒಂದು ಮಾತಿಗೆ ತನ್ನ ಬಾಳು ಬಳ್ಳಾರಿಗೆ ಹೋಗುತ್ತದೋ ರಾಯದುರ್ಗದಲ್ಲಿ ಉಳಿಯುತ್ತದೋ ಎಂದು ಅವಳಿಗೆ ಗೊತ್ತಿತ್ತು.

ಸಣ್ಣಬಸಪ್ಪ ಟವಲ್ಲಿನ ತುದಿಯನ್ನು ತಿರುವತೊಡಗಿದ. ಗಟ್ಟಿಮೇಳ ಅಲ್ಲವೆಂದರೆ ಬಳ್ಳಾರಿಯ ಸಂಬಂಧ ಉಳಿಯುತ್ತದೆ. ಆದರೆ ಗಟ್ಟಿಮೇಳ ಅಲ್ಲದಿದ್ದರೆ ಟವಲ್ಲು ಯಾಕೆ ಏರಿತು? ಇನ್ನೂ ಒಂದು ಭಾಗ ಬಾಕಿ ಇರುವಾಗ ಮುಗಿಯಿತೆಂದು ಸನ್ನೆ ಮಾಡಿದವನಿಗೆ ಸಂಗೀತ ಏನು ಗೊತ್ತು?

"ನಾನು ಬೇಕಾದ್ರೆ ಕಂಡಕ್ಟರ್ ಹತ್ರಾನೇ ಕೇಳಿ ಬರ್ಲಾ?" ಎಂದಳು ಮಮತಾ.

"ಬ್ಯಾಡ" ಎಂದ ಸಣ್ಣಬಸಪ್ಪ ತಟ್ಟನೆ. "ಆಯಪ್ಪನ್ನ ಯಾಕ ಕೇಳಬೇಕು? ನಾ ಇಲ್ಲೇನು?"

"ಹಂಗಾದ್ರ ಹೇಳಲೋ" ಎಂದರು ಜನ.

ಅವನು ಟವಲ್ಲನ್ನು ಮಡಚಿದ, ಬಿಚ್ಚಿದ. ಆಗ ಸುಮಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಹಳ ಮೆತ್ತಗೆ, ಬಹಳ ಕರುಣೆಯಿಂದ ಹೇಳಿದಳು.

"ಅಪ್ಪ, ನಿನಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂದುಬಿಡು. ಯಾರೂ ಏನೂ ಅನ್ನಂಗಿಲ್ಲ. ಬೊಂಬಾಯ್ಯಾಗ ಬಾಗಲ ಹೊರಗ ನಿಂತು ಎಷ್ಟಂತ ಕೇಳಿರ್ತಿ ನೀನು."

"ಯಾರಿಗೆ ಗೊತ್ತಿಲ್ಲ?" ಸಣ್ಣಬಸಪ್ಪ ಎದೆ ಸೆಟೆಸಿದ. ಟವಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ಕೇಳ್ರಿ ಎಲ್ರೂ. ಅಮೆರಿಕದ ಶಾಸ್ತ್ರೀಯದಾಗ ಮೂರನೇ ಭಾಗದ ಕಡೀಗೆ ಗಟ್ಟಿಮೇಳ ಬರ್ತೈತಿ. ಬೊಂಬಾಯ್ಯಾಗೂ ಅಲ್ಲೇ ಬಂದಿತ್ತು. ಅದಕ್ಕ ಟವಲ್ಲು ಎತ್ತೀನಿ. ತಿಳೀದ ಎತ್ತಿಲ್ಲ."

ಹೇಳಿ ಮುಗಿಸಿದ ಮೇಲೆಯೇ ಅವನಿಗೆ ತಾನು ಹೇಳಿದ್ದೇನೆಂದು ಗೊತ್ತಾದದ್ದು. ಅಷ್ಟರಲ್ಲಿ ದ್ರಾಕ್ಷಾಯಣಮ್ಮ ಮಗಳನ್ನು ತಬ್ಬಿಕೊಂಡಿದ್ದಳು. ತಿಪ್ಪೇಶ ಓಡಿ ಬಂದು ಮಾವನ ಕಾಲಿಗೆ ಬಿದ್ದಿದ್ದ. ಬಳ್ಳಾರಿಯ ಯಜಮಾನರು, "ತಿಳಿದವ್ರು ಹೇಳಿದ ಮ್ಯಾಲ ಮುಗೀತು" ಎಂದು ಕೈ ಮುಗಿದರು. ಸಣ್ಣತಿಮ್ಮಪ್ಪ ಆಗಲೇ ಒಲೆ ಹೊತ್ತಿಸಲು ಹೋಗಿದ್ದ. ಅಮೆರಿಕದವರನ್ನೂ ಸಾಲಿನಲ್ಲಿ ಕೂರಿಸಿ ಚಿತ್ರಾನ್ನ, ಬದನೆಕಾಯಿ ಪಲ್ಯ, ಶ್ಯಾವಿಗೆ ಪಾಯಸ ಬಡಿಸಿದರು. ಇಷ್ಟು ಅಕ್ಕಿ ತೂರಿ ಮೆಚ್ಚಿದ ಊರನ್ನು ತಾವು ಎಲ್ಲೂ ಕಂಡಿಲ್ಲವೆಂದು ಹರಿದ ಕಂಕುಳಿನ ದೊರೆ ಮಮತಾಳ ಬಾಯಿಂದ ಹೇಳಿಸಿದ. ಸಣ್ಣಬಸಪ್ಪ ಪಾಯಸ ಮುಟ್ಟಲಿಲ್ಲ.

ತಾಳಿ ಕಟ್ಟುವುದು ಬಾಕಿ ಇತ್ತಲ್ಲ, ಅದಕ್ಕೆ ಐನೋರು ಮುಹೂರ್ತ ನೋಡಿದರು. "ಅಕ್ಕಿಕಾಳು ಬಿದ್ದಾವ, ಹಾರ ಬಿದ್ದೈತಿ, ಸರ್ಕಾರ ಆಶೀರ್ವಾದ ಮಾಡೈತಿ. ಇನ್ನು ತಾಳಿ ಒಂದ ನೋಡ್ರಿ" ಎಂದರು. ಮುಹೂರ್ತದ ದಿನ ಅದೇ ಮಂಟಪ, ಅದೇ ಜನ. ಈ ಸಲ ನನ್ನ ಮೈಕು ಇತ್ತು. ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನ್ ಕಟ್ಟಿ, ಗಂಟಲು ಸರಿಮಾಡಿಕೊಂಡು ನಿಂತೆ.

ಐನೋರು ಕೈ ಎತ್ತಿ ಅಲ್ಲಾಡಿಸಿದರು. ವಾಲಗದವರು ಕೆನ್ನೆ ಉಬ್ಬಿಸಿ ಊದಿದರು, ಡೋಲು ಗುಡುಗಿತು. ತಿಪ್ಪೇಶ ತಾಳಿಗೆ ಕೈ ಹಾಕಿದ. ಒಂದು ಅಕ್ಕಿಕಾಳೂ ಬೀಳಲಿಲ್ಲ. ನೋಡಿದರೆ ಊರಿಗೆ ಊರೇ ಮುಷ್ಟಿ ಬಿಗಿಹಿಡಿದು ಸಣ್ಣಬಸಪ್ಪನ ಟವಲ್ಲನ್ನೇ ನೋಡುತ್ತ ನಿಂತಿದೆ. "ಗಟ್ಟಿಮೇಳ ಆಗ್ತಾ ಇದೆ, ಎಲ್ಲರೂ ಅಕ್ಷತೆ ಹಾಕಬೇಕಾಗಿ ವಿನಂತಿ" ಎಂದು ಮೈಕಿನಲ್ಲಿ ಕೂಗಿದೆ. ಗುಮ್ಮಘಟ್ಟದವರಿಗೆ ಕೇಳಿಸಿರಬೇಕು, ಎದುರಿಗಿದ್ದವರು ಅಲ್ಲಾಡಲಿಲ್ಲ. ಐನೋರ ಕೈ ನೋಯತೊಡಗಿತು. ವಾಲಗದವನ ಕಣ್ಣು ಹೊರಗೆ ಬಂತು.

ಸಣ್ಣಬಸಪ್ಪನಿಗೆ ಇದಾವುದರ ಖಬರೂ ಇರಲಿಲ್ಲ. ಅವನು ಮಗಳ ಮುಖವನ್ನು ನೋಡುತ್ತ ನಿಂತಿದ್ದ. ಸುಮಾ ತಲೆ ಎತ್ತಿ ಅಪ್ಪನನ್ನು ನೋಡಿ ನಕ್ಕಳು. ಅವನ ಕಣ್ಣು ತುಂಬಿತು. ಕಣ್ಣು ಒರೆಸಿಕೊಳ್ಳಲು ಹೆಗಲ ಮೇಲಿನ ಟವಲ್ಲನ್ನು ಮೇಲೆತ್ತಿದ.

ಇಡೀ ಮಂಟಪ ಅರಿಶಿನವಾಯಿತು. ನಾನು ಮೈಕನ್ನು ಕುರ್ಚಿಯ ಮೇಲಿಟ್ಟು, ಎರಡೂ ಕೈಯಿಂದ ಅಕ್ಷತೆ ಹಾಕಿದೆ.